ಮೊದಲು ಕೃಪೆ, ಆಮೇಲೆ ಲೆಕ್ಕ

ಬುಧವಾರ ಬಂದಿತೆಂದರೆ ದಾದರಿನಿಂದ ಮಾಹೀಮಿನ ಕಡೆಗೆ ಹೋಗುವ ಜನರ ಗದ್ದಲವೇ ಬೇರೆ. ಅಲ್ಲಿಯ ಸೇಂಟ್ ಮೈಕೆಲ್ ಇಗರ್ಜಿಯಲ್ಲಿ ಅಂದು ಬೆಳಗಿನಿಂದ ರಾತ್ರಿಯವರೆಗೆ ಮಾತೆ ಮರಿಯಮ್ಮನವರ ನೊವೇನಾ ಪ್ರಾರ್ಥನೆ. 1948ರಲ್ಲಿ ಆರಂಭವಾದ ಈ ಪದ್ಧತಿ ಇಂದಿಗೂ ನಡೆದುಬಂದಿದೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮತಗಳವರೂ ಸಾಲಿನಲ್ಲಿ ನಿಲ್ಲುತ್ತಾರೆ. ಹೊರಗೆ ಮೇಣದ ಅಂಗಡಿಗಳು. ಕಾಲು ನೋವಿನವರಿಗೆ ಮೇಣದ ಕಾಲು, ಕೈ ನೋವಿನವರಿಗೆ ಮೇಣದ ಕೈ, ಮಕ್ಕಳಿಲ್ಲದವರಿಗೆ ಮೇಣದ ಮಗು, ಬಾಡಿಗೆಯ ಖೋಲಿಯಲ್ಲಿ ಬೇಸತ್ತವರಿಗೆ ಮೇಣದ ಮನೆ. ನಮ್ಮ ಊರುಗಳ ಹರಕೆಯ ಬೆಳ್ಳಿಯ ಕಣ್ಣು, ಬೆಳ್ಳಿಯ ತೊಟ್ಟಿಲುಗಳನ್ನು ಕಂಡ ನಮಗೆ ಇದೇನೂ ಹೊಸದಾಗಿ ತೋರುವುದಿಲ್ಲ.

ಆದರೆ ಸಿಟ್ಟಿಗೆ ಆಕಾರವಿಲ್ಲ. ಕಹಿ ನಾಲಿಗೆಗೆ, ಕುಡಿತದ ಚಟಕ್ಕೆ, ಇನ್ನೊಬ್ಬರ ಏಳಿಗೆಯನ್ನು ಕಂಡರೆ ಒಳಗೇ ಹೊತ್ತಿಕೊಳ್ಳುವ ಕಿಚ್ಚಿಗೆ ಯಾವ ಅಂಗಡಿಯಲ್ಲಿಯೂ ಅಚ್ಚಿಲ್ಲ. ಮನೆ ಬೇಕು, ಮಗು ಬೇಕು, ನೌಕರಿ ಬೇಕು ಎಂದು ಬೇಡುವುದು ಸುಲಭ. ‘ನನ್ನನ್ನೇ ಬೇರೆ ಮನುಷ್ಯನನ್ನಾಗಿ ಮಾಡು’ ಎಂದು ಬೇಡುವುದು ಕಠಿಣ. ಆ ಬೇಡಿಕೆ ಈಡೇರುವುದುಂಟೇ? ಈಡೇರುವುದಾದರೆ ಅದರಲ್ಲಿ ದೇವರ ಪಾಲೆಷ್ಟು, ನಮ್ಮ ಪಾಲೆಷ್ಟು? ಈ ಸಲ ಈ ಅಂಕಣದಲ್ಲಿ ಇದನ್ನೇ ವಿಚಾರ ಮಾಡಬೇಕೆಂದು ನಾವು ನಿಶ್ಚಯಿಸಿದ್ದೇವೆ.

ಇದಕ್ಕೆ ಕಾರಣವಾದದ್ದು ಒಬ್ಬ ವಾಚಕ ಸೋದರಿಯ ಪ್ರಶ್ನೆ. ಬೀದರ ಕಡೆಯ ಕ್ರೈಸ್ತ ಮನೆತನದವರು, ಹೆಸರು ಬೇಡ. ಅವರ ಮೈದುನನಿಗೆ ಕುಡಿತದ ಚಟ. ಭಾನುವಾರ ದೇವಾಲಯದಲ್ಲಿ ಕಣ್ಣೀರಿಟ್ಟು ಆಣೆ ಮಾಡುತ್ತಾನೆ. ಗುರುವಾರದ ಹೊತ್ತಿಗೆ ಆಣೆ ಮುರಿದಿರುತ್ತದೆ. ಇವರ ಯಜಮಾನರು ರೋಸಿಹೋಗಿ, “ನೀನು ಸುಧಾರಿಸಿದ ಮೇಲೆ ಈ ಮನೆಯ ಹೊಸ್ತಿಲು ತುಳಿ, ಅಲ್ಲಿಯವರೆಗೆ ನಿನ್ನ ಮುಖ ತೋರಿಸಬೇಡ” ಎಂದು ತಮ್ಮನಿಗೆ ಹೇಳಿಬಿಟ್ಟಿದ್ದಾರೆ. ಮೈದುನ ಈಗ ಪರಿಚಯದವರೊಬ್ಬರ ಅಂಗಡಿಯಲ್ಲಿ ಮಲಗುತ್ತಾನಂತೆ. “ಅತ್ತಿಗೆ, ಅಣ್ಣನಿಗೆ ನೀವಾದರೂ ಹೇಳ್ರಿ” ಎಂದು ಹುಡುಗರ ಕೈಯಲ್ಲಿ ಹೇಳಿಕಳಿಸುತ್ತಾನೆ. ಸೋದರಿಯ ಪ್ರಶ್ನೆ ಇಷ್ಟೇ: “ದಿನಾ ರಾತ್ರಿ ಪ್ರಾರ್ಥನೆಯಲ್ಲಿ ದೇವರ ಕೃಪೆ, ದೇವರ ಕೃಪೆ ಎಂದು ಹೇಳುತ್ತೇವೆ. ಹಾಗಾದರೆ ಬಾಗಿಲು ತೆರೆಯಬೇಕೋ, ಮುಚ್ಚಿಯೇ ಇಡಬೇಕೋ?”

ಇದು ಒಂದು ಮನೆಯ ಪ್ರಶ್ನೆಯಲ್ಲ, ಒಂದು ಮತದ ಪ್ರಶ್ನೆಯೂ ಅಲ್ಲ. ಹತ್ತಡಿ ಅಗಲದ ಖೋಲಿಯಲ್ಲಿ ಆರು ಜನ ಬಾಳುವ ಈ ಮುಂಬಯಿಯಲ್ಲಿ ಒಬ್ಬನ ದುರ್ಗುಣ ಉಳಿದ ಐವರ ನಿದ್ರೆಯನ್ನು ಕೆಡಿಸುತ್ತದೆ. ಊರಿನಲ್ಲಾದರೆ ಹಿತ್ತಿಲುಂಟು, ದೊಡ್ಡಪ್ಪನ ಮನೆಯುಂಟು. ಇಲ್ಲಿ ಬಾಗಿಲಾಚೆ ನೇರವಾಗಿ ರಸ್ತೆ.

ಸಾಮಾನ್ಯವಾಗಿ ಇಂಥವರಿಗೆ ನಾವು ಎರಡು ಮಾತುಗಳಲ್ಲಿ ಒಂದನ್ನು ಹೇಳುತ್ತೇವೆ. ಮೊದಲನೆಯದು, ‘ಮನಸ್ಸು ಗಟ್ಟಿ ಮಾಡು, ಎಲ್ಲಾ ಆಗುತ್ತದೆ’ ಎಂಬುದು. ಎರಡನೆಯದು, ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು. ಮೊದಲನೆಯದನ್ನು ಕೇಳಿದವನು ಹತ್ತು ಸಲ ಪ್ರಯತ್ನಿಸಿ ಹತ್ತು ಸಲವೂ ಬಿದ್ದು, ಕೊನೆಗೆ ತಾನು ಮನುಷ್ಯನೇ ಅಲ್ಲವೆಂದು ತಿಳಿಯುತ್ತಾನೆ. ಎರಡನೆಯದನ್ನು ಕೇಳಿದವನಿಗೆ ಪ್ರಯತ್ನಕ್ಕೇ ಕಾರಣ ಉಳಿಯುವುದಿಲ್ಲ. ಒಂದರಲ್ಲಿ ಅಹಂಕಾರ, ಇನ್ನೊಂದರಲ್ಲಿ ಹತಾಶೆ. ಕ್ರೈಸ್ತ ಭಕ್ತರು ಹೇಳುತ್ತ ಬಂದಿರುವ ಮೂರನೆಯ ಮಾತೇ ಕೃಪೆ.

ಕನ್ನಡದ ಪ್ರೊಟೆಸ್ಟಂಟ್ ಕುಟುಂಬಗಳಲ್ಲಿ ‘ಕೃಪೆ’ ಎಂಬ ಶಬ್ದ ಹೆಚ್ಚು ರೂಢಿ. ಕ್ಯಾಥೊಲಿಕ್ ಮನೆಗಳಲ್ಲಿ ‘ವರಪ್ರಸಾದ’ ಎನ್ನುವುದುಂಟು. ಎರಡೂ ನಮ್ಮ ನೆಲದ ಹಳೆಯ ಮಾತುಗಳೇ. ಪ್ರಸಾದವೆಂಬುದನ್ನು ಯಾರೂ ದುಡಿದು ಪಡೆಯುವುದಿಲ್ಲ, ಕೊಂಡು ತರುವುದೂ ಇಲ್ಲ. ಬಲಗೈಯ ಕೆಳಗೆ ಎಡಗೈಯಿಟ್ಟು ಸುಮ್ಮನೆ ಒಡ್ಡುವುದು, ಬಿದ್ದದ್ದನ್ನು ಕಣ್ಣಿಗೊತ್ತಿಕೊಳ್ಳುವುದು. ಶ್ರೀವೈಷ್ಣವರಲ್ಲಿ ಇದೇ ವಿಷಯವಾಗಿ ಎರಡು ಪಕ್ಷಗಳು ಬೆಳೆದದ್ದು ವಾಚಕರಲ್ಲಿ ಕೆಲವರಿಗೆ ಗೊತ್ತಿರಬೇಕು. ಮರಿಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುವಂತೆ ಭಕ್ತನೂ ದೇವರನ್ನು ಹಿಡಿಯಬೇಕೆಂಬುದು ಮರ್ಕಟ ನ್ಯಾಯ. ಬೆಕ್ಕು ತನ್ನ ಮರಿಯನ್ನು ತಾನೇ ಬಾಯಲ್ಲಿ ಕಚ್ಚಿ ಒಯ್ಯುವಂತೆ ದೇವರೇ ಭಕ್ತನನ್ನು ಒಯ್ಯುತ್ತಾನೆಂಬುದು ಮಾರ್ಜಾಲ ನ್ಯಾಯ. ಕ್ರೈಸ್ತರಲ್ಲಿಯೂ ಈ ವಾದ ಹಳೆಯದು. ಮನುಷ್ಯ ತನ್ನ ಇಚ್ಛಾಬಲದಿಂದಲೇ ಒಳ್ಳೆಯವನಾಗಬಲ್ಲನೆಂದು ಪೆಲಾಗಿಯಸ್ ಎಂಬವನು ಬೋಧಿಸಿದನು. ಇಚ್ಛೆಯೇ ರೋಗಗ್ರಸ್ತವಾಗಿರುವಾಗ ಅದು ತನ್ನನ್ನು ತಾನು ಗುಣಪಡಿಸಿಕೊಳ್ಳುವುದು ಹೇಗೆಂದು ಸಂತ ಅಗಸ್ಟಿನ್ ವಿರೋಧಿಸಿದನು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಅಗಸ್ಟಿನ್ನನ ಪಕ್ಷವನ್ನೇ ಎತ್ತಿಹಿಡಿಯಿತು.

ವಾದಗಳು ಪಂಡಿತರಿಗಿರಲಿ. ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಬೈಬಲಿನ ಒಂದು ಸಣ್ಣ ಕಥೆ ಹೆಚ್ಚು ಹತ್ತಿರದ್ದಾಗಿ ಕಾಣುತ್ತದೆ. ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನ ಕಥೆ ಅದು. ಜಕ್ಕಾಯ ಯೆರಿಕೋ ಪಟ್ಟಣದ ಸುಂಕದವರಿಗೆ ಮುಖ್ಯಸ್ಥ. ಕೈತುಂಬ ಹಣ, ಊರತುಂಬ ಶಾಪ. ಕುಳ್ಳನಾದುದರಿಂದ ಯೇಸುವನ್ನು ನೋಡಲು ಮರ ಹತ್ತಿ ಕುಳಿತಿದ್ದಾನೆ. ಯೇಸು ಆ ಮರದ ಕೆಳಗೆ ನಿಂತು, ಅವನನ್ನು ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲಿಯೇ ನನ್ನ ಬಿಡಾರ ಎನ್ನುತ್ತಾನೆ. ಊರವರು ಗೊಣಗುತ್ತಾರೆ. ಆಗ ಜಕ್ಕಾಯ ಎದ್ದು ನಿಂತು, ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯದಿಂದ ಯಾರಿಂದಲಾದರೂ ಕಿತ್ತುಕೊಂಡಿದ್ದರೆ ಅದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ.

ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಕಚೇರಿಯ ಪದ್ಧತಿಯಂತಾದರೆ ಮೊದಲು ಬಾಕಿ ತೀರಿಸಬೇಕು, ರಸೀದಿ ಪಡೆಯಬೇಕು, ನಿರ್ಬಾಧ ಪತ್ರ ಲಗತ್ತಿಸಬೇಕು; ಆಮೇಲೆ ಸಾಹೇಬರ ದರ್ಶನ. ಜಕ್ಕಾಯನಿಗಾದರೋ ದರ್ಶನ ಮೊದಲು, ಬಾಕಿ ಆಮೇಲೆ. ಇನ್ನೂ ಒಂದು ಸಂಗತಿಯುಂಟು. ದರ್ಶನವಾಯಿತೆಂದು ಬಾಕಿ ಮಾಫಿಯಾಗಲಿಲ್ಲ, ನಾಲ್ಕು ಪಟ್ಟಾಯಿತು! ಯಾರೂ ಕೇಳದೆಯೇ ಅವನು ಲೆಕ್ಕ ತೆಗೆದನು. ಬೆದರಿಕೆಯಿಂದ ಹೊರಬರದಿದ್ದ ಹಣ ಪ್ರೀತಿಯಿಂದ ಹೊರಬಂದಿತು. ಕೃಪೆಯ ಸ್ವರೂಪವೇ ಇದು ಎಂದು ನಮಗೆ ತೋರುತ್ತದೆ. ಅದು ಬದಲಾವಣೆಗೆ ಸಿಗುವ ಬಹುಮಾನವಲ್ಲ, ಬದಲಾವಣೆಯ ಬಂಡವಾಳ.

ಯೆರಿಕೋ ಬಹಳ ದೂರ, ಬಹಳ ಹಿಂದಿನ ಮಾತು ಎನ್ನುವವರಿಗಾಗಿ ನಮ್ಮ ಕನ್ನಡ ಸೀಮೆಯಲ್ಲಿಯೇ ಹುಟ್ಟಿದ, ನಮ್ಮ ಮುಂಬಯಿಯಲ್ಲಿಯೇ ಕೆಲಸ ಮಾಡಿದ ಒಬ್ಬ ಮಹಿಳೆಯ ಜೀವನವನ್ನು ಮುಂದಿಡುತ್ತೇವೆ. ಅವರು ಪಂಡಿತಾ ರಮಾಬಾಯಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಬೇಕೆಂಬ ಹಟಕ್ಕೆ ಸಮಾಜದ ವಿರೋಧ ಬಂದುದರಿಂದ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. 1858ರ ಏಪ್ರಿಲಿನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ಯಾತ್ರೆ ಹೊರಟಿತು. ಕೂಸನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಒಯ್ದರಂತೆ. ಮುಂದೆ ವರ್ಷಾನುಗಟ್ಟಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದಾಟ, ಪುರಾಣ ಪಠನ, ವ್ರತ, ಉಪವಾಸ, ದಾನ. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ನಡೆದೇ ನಡೆದು 1878ರಲ್ಲಿ ಕಲಕತ್ತೆ ಸೇರಿದರು. ಆ ಇಪ್ಪತ್ತರ ಹರೆಯದ ಹೆಣ್ಣುಮಗಳ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಳಿ ವಕೀಲರೊಡನೆ ವಿವಾಹ. 1882ರಲ್ಲಿ ಕಾಲರಾದಿಂದ ಅವರ ಮರಣ. ಕೈಯಲ್ಲಿ ಉಳಿದದ್ದು ಮನೋರಮಾ ಎಂಬ ಹಸುಗೂಸು.

1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬಲ್ಲಿಯ ಸಂನ್ಯಾಸಿನಿಯರ ಆಶ್ರಮದಲ್ಲಿ ಉಳಿದಿದ್ದಾಗ, ಆ ಸೋದರಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ನಡೆಸುತ್ತಿದ್ದ ಒಂದು ಆಶ್ರಯಧಾಮವನ್ನು ನೋಡಿದರು. ಸಮಾಜವು ‘ಕೆಟ್ಟವಳು’ ಎಂದು ಹೊರಗಟ್ಟಿದ ಹೆಂಗಸರನ್ನು ಅಲ್ಲಿ ಸೋದರಿಯರು ತಮ್ಮವರಂತೆ ಸಾಕುತ್ತಿದ್ದರು. ಇವರಿಗೇಕೆ ಇಷ್ಟು ಮರುಕವೆಂದು ರಮಾಬಾಯಿ ಕೇಳಿದಾಗ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸನ್ನು ಮಾತನಾಡಿಸಿದ ಕಥೆಯನ್ನು ಅವರಿಗೆ ಹೇಳಲಾಯಿತು. ಬಹಿಷ್ಕೃತಳಾದ ಹೆಣ್ಣಿಗೂ ಹೊಸ ಬಾಳು ಸಾಧ್ಯವೆಂಬ ಮಾತು ಅವರ ಎದೆಯನ್ನು ನಾಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಕಥೆ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ನಮ್ಮ ವಿಷಯಕ್ಕೆ ಸಂಬಂಧಪಟ್ಟಂತೆ ಕಥೆ ಪ್ರಾರಂಭವಾಗುವುದೇ ಇಲ್ಲಿ. ಆಮೇಲಿನ ವರ್ಷಗಳಲ್ಲಿ ರಮಾಬಾಯಿ ಮಾಡದ ಕೆಲಸವಿಲ್ಲ. ಅಮೇರಿಕೆಗೆ ಹೋದರು, 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಊರೂರುಗಳಲ್ಲಿ ಭಾಷಣ ಮಾಡಿ ಸಹಾಯ ಕೂಡಿಸಿದರು. 1889ರ ಮಾರ್ಚಿಯಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಲೋಕದ ಕಣ್ಣಿಗೆ ಅವರು ಬದಲಾದ ವ್ಯಕ್ತಿಯೂ ಹೌದು, ಲೋಕವನ್ನು ಬದಲಿಸುತ್ತಿದ್ದ ವ್ಯಕ್ತಿಯೂ ಹೌದು. ಆದರೆ ಒಳಗೆ ಏನೋ ಒಂದು ಬರಿದಾಗಿಯೇ ಇದ್ದಿತು.

ಇದನ್ನು ಅವರು 1907ರಲ್ಲಿ ಪ್ರಕಟಿಸಿದ ತಮ್ಮ ಆತ್ಮನಿವೇದನೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮೊದಲು ವ್ರತ, ಯಾತ್ರೆ, ಪಾಂಡಿತ್ಯಗಳನ್ನು ನಂಬಿದ್ದಂತೆಯೇ ಆಮೇಲೆ ದೀಕ್ಷಾಸ್ನಾನವನ್ನೂ ಹೊಸ ಧರ್ಮದ ನಿಯಮಗಳನ್ನೂ ನಂಬಿದ್ದರು. ಧರ್ಮವನ್ನು ಪಡೆದಿದ್ದರೂ ಆ ಧರ್ಮದ ಜೀವವಾದವನನ್ನು ಪಡೆದಿರಲಿಲ್ಲ ಎಂಬುದು ಅವರ ಮಾತಿನ ಸಾರಾಂಶ. ಈ ಸಂದರ್ಭದಲ್ಲಿ ಅವರಿಗೆ ವಿಲಿಯಂ ಹಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆ ಸಹಾಯಕ್ಕೆ ಬಂದಿತು. ಈ ಹಸ್ಲಮ್ 1851ರಲ್ಲಿ ಕಾರ್ನ್‌ವಾಲ್ ಸೀಮೆಯ ತನ್ನ ಇಗರ್ಜಿಯಲ್ಲಿ ಪ್ರಸಂಗ ಮಾಡುತ್ತಿರುವಾಗ, ತಾನು ಇತರರಿಗೆ ಹೇಳುತ್ತಿರುವುದು ತನಗೇ ದೊರೆತಿಲ್ಲವೆಂದು ಕಂಡುಕೊಂಡು ವೇದಿಕೆಯ ಮೇಲೆಯೇ ಮನಃಪರಿವರ್ತನೆ ಹೊಂದಿದವನು. ದೀಕ್ಷೆಯಾಗಿ ಸುಮಾರು ಎಂಟು ವರ್ಷಗಳ ಮೇಲೆ, 1891ರಲ್ಲಿ, ರಮಾಬಾಯಿ ತಮ್ಮ ಯೋಗ್ಯತೆಯ ಲೆಕ್ಕವನ್ನು ಮುಚ್ಚಿಟ್ಟು, ತಾವು ಇದ್ದಂತೆಯೇ ದೇವರ ಕೃಪೆಗೆ ಒಪ್ಪಿಸಿಕೊಂಡರು. ಒಳ್ಳೆಯವಳಾಗಿ ಬರುತ್ತೇನೆ ಎಂಬುದನ್ನು ಬಿಟ್ಟು, ಬಂದಿದ್ದೇನೆ, ಒಳ್ಳೆಯವಳನ್ನಾಗಿ ಮಾಡು ಎಂಬಲ್ಲಿಗೆ ತಲುಪಿದರು.

ಇಷ್ಟು ಓದಿದ ಕೆಲವರು, ‘ಎಲ್ಲವನ್ನೂ ದೇವರಿಗೆ ಬಿಟ್ಟ ಮೇಲೆ ಕೈಕಟ್ಟಿ ಕುಳಿತರೋ?’ ಎಂದು ಕೇಳಬಹುದು. ಲೆಕ್ಕ ನೋಡೋಣ. 1893ರಲ್ಲಿ ಸದನದ ಹುಡುಗಿಯರ ಮೇಲೆ ಕ್ರೈಸ್ತ ಧರ್ಮದ ಪ್ರಭಾವ ಬೀಳುತ್ತಿದೆಯೆಂದು ಪುಣೆಯಲ್ಲಿ ದೊಡ್ಡ ಕೋಲಾಹಲವಾಯಿತು. ರಾನಡೆ, ಭಂಡಾರಕರರಂಥ ಹಿತಚಿಂತಕರೂ ಸಲಹಾ ಸಮಿತಿಯಿಂದ ಹೊರಬಂದರು. ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವಿವಾದದಲ್ಲಿ ಎರಡೂ ಕಡೆಯವರಿಗೆ ಹೇಳಲು ಮಾತಿತ್ತು. ಅದರ ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ರಮಾಬಾಯಿ ಕುಗ್ಗಲಿಲ್ಲವೆಂಬುದಷ್ಟೇ ಇಲ್ಲಿ ಮುಖ್ಯ. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತದ ಹಳ್ಳಿಗಳಿಗೆ ತಾವೇ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯಾಚೆಯ ಕೇಡಗಾಂವದ ಬಯಲಿನಲ್ಲಿ ‘ಮುಕ್ತಿ’ ಎಂಬ ನಿವಾಸ ಎದ್ದಿತು. 1900ರ ಗುಜರಾತ ಕ್ಷಾಮದ ತರುವಾಯ ಅಲ್ಲಿಯವರ ಸಂಖ್ಯೆ ಸಾವಿರವನ್ನು ಮೀರಿತು. ನೇಯ್ಗೆ, ಹೈನು, ಎಣ್ಣೆಯ ಗಾಣ, ಮುದ್ರಣ, ಕುರುಡರಿಗೆ ಪಾಠ, ಹೀಗೆ ಪ್ರತಿಯೊಬ್ಬಳಿಗೂ ಕೈಗೊಂದು ಕೆಲಸ. ಅದರ ನಡುವೆ, ದಾರಿತಪ್ಪಿದವರೆಂದು ಎಲ್ಲರೂ ದೂರಮಾಡಿದ ಹೆಂಗಸರಿಗಾಗಿಯೇ ಒಂದು ಮನೆ. ಅದಕ್ಕೆ ಅವರು ಇಟ್ಟ ಹೆಸರು ‘ಕೃಪಾ ಸದನ’. ಫುಲ್‌ಹ್ಯಾಮಿನಲ್ಲಿ ಬಿದ್ದ ಬೀಜ ಕೇಡಗಾಂವದಲ್ಲಿ ಮರವಾಯಿತೆನ್ನಬೇಕು.

ಕನ್ನಡ ನಾಡಿಗೂ ಆ ನೆರಳು ಚಾಚಿತು. 1912ರ ಸುಮಾರಿಗೆ ಗುಲಬರ್ಗೆಯಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಅವರು ಒಂದು ಶಾಲೆಯನ್ನು ತೆರೆದರು. ಮಗಳು ಮನೋರಮಾ ಅದರ ಹೊಣೆ ಹೊತ್ತಿದ್ದರು. 1921ರಲ್ಲಿ ಆ ಮಗಳನ್ನೂ ಕಳೆದುಕೊಂಡರು. ತಾವು ವರ್ಷಗಟ್ಟಲೆ ದುಡಿದು ಮೂಲಭಾಷೆಗಳಿಂದ ಮಾಡುತ್ತಿದ್ದ ಬೈಬಲಿನ ಮರಾಠಿ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಕೃಪೆಯನ್ನು ನಂಬಿದವರ ಕೆಲಸ ಕಡಿಮೆಯಾಗುವುದಿಲ್ಲ. ಕೆಲಸದ ಹಿಂದಿನ ಭಯ ಕಡಿಮೆಯಾಗುತ್ತದೆ. ನಾನು ಯೋಗ್ಯಳೆಂದು ತೋರಿಸಲು ಮಾಡುವ ಕೆಲಸಕ್ಕೂ, ಯೋಗ್ಯತೆಯನ್ನು ಕೇಳದೆಯೇ ನನ್ನನ್ನು ಸ್ವೀಕರಿಸಿದರು ಎಂಬ ಹಿಗ್ಗಿನಲ್ಲಿ ಮಾಡುವ ಕೆಲಸಕ್ಕೂ ಬಹಳ ಅಂತರವುಂಟು. ಮೊದಲನೆಯದು ಸೋಲಿನಿಂದ ಮುರಿಯುತ್ತದೆ; ಎರಡನೆಯದು ಸೋತರೂ ಮಾರನೆಯ ದಿನ ಮತ್ತೆ ಎದ್ದು ನಿಲ್ಲುತ್ತದೆ.

ಕೃಪೆಯ ಮಾತು ಸೋಮಾರಿತನಕ್ಕೆ ನೆಪವಾದೀತೆಂಬ ಅಂಜಿಕೆಯೂ ಹಳೆಯದೇ. ದೇವರು ಹೇಗೂ ಕ್ಷಮಿಸುತ್ತಾನಾದುದರಿಂದ ಇನ್ನಷ್ಟು ಪಾಪ ಮಾಡಿದರೇನೆಂಬ ಕುತರ್ಕವನ್ನು ರೋಮಾಪುರದ ಸಭೆಗೆ ಬರೆದ ಪತ್ರದಲ್ಲಿ ಪೌಲನು ತಾನೇ ಎತ್ತಿ ತಾನೇ ಖಂಡಿಸಿದ್ದಾನೆ. ಅದೇ ಪತ್ರದಲ್ಲಿ, ಮಾಡಬೇಕೆಂದಿರುವ ಒಳಿತನ್ನು ಮಾಡಲಾರದೆ, ಬೇಡವೆಂದಿರುವ ಕೆಡುಕನ್ನೇ ಮಾಡುವ ಮನುಷ್ಯನ ಸಂಕಟವನ್ನೂ ಅವನು ಬಿಡಿಸಿ ಹೇಳುತ್ತಾನೆ. ಭಾನುವಾರ ಆಣೆಯಿಟ್ಟು ಗುರುವಾರ ಮುರಿಯುವ ಮೈದುನನ ಕಥೆ ಸುಮಾರು ಎರಡು ಸಾವಿರ ವರ್ಷ ಹಳೆಯದೆಂದಾಯಿತು.

ಕುಡಿತದ ವಿಷಯದಲ್ಲಿಯಂತೂ ಈ ಮಾತಿಗೆ ಕಣ್ಣೆದುರಿನ ಸಾಕ್ಷಿಯುಂಟು. 1935ರಲ್ಲಿ ಅಮೇರಿಕೆಯ ಆಕ್ರನ್ ಎಂಬ ಊರಿನಲ್ಲಿ, ಕುಡಿತದಿಂದ ಹಾಳಾಗಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರನೂ ಕೂಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಆರಂಭಿಸಿದರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಲ್ಲಿ ಅದರ ಬೇರುಗಳಿವೆ. ಆದರೆ ಇಂದು ಅದು ಯಾವ ಮತಕ್ಕೂ ಸೇರಿದ್ದಲ್ಲ, ಎಲ್ಲರೂ ಬರಬಹುದು. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದೇ, ಈ ಚಟದ ಮುಂದೆ ನನ್ನ ಬಲ ನಡೆಯದೆಂದು ಒಪ್ಪಿಕೊಳ್ಳುವುದು. ಮುಂದಿನದು, ತನಗಿಂತ ದೊಡ್ಡದಾದ ಶಕ್ತಿಯೊಂದು ತನ್ನನ್ನು ಸರಿಪಡಿಸಬಲ್ಲದೆಂದು ನಂಬುವುದು. ಎಂಟು, ಒಂಬತ್ತನೆಯ ಮೆಟ್ಟಿಲುಗಳಲ್ಲಿ ಯಾರು ಯಾರಿಗೆ ನೋವು ಕೊಟ್ಟೆನೆಂದು ಪಟ್ಟಿ ಮಾಡಿ, ಸಾಧ್ಯವಾದಲ್ಲೆಲ್ಲ ಹೋಗಿ ಸರಿಪಡಿಸುವುದು. ಮತ್ತೆ ಜಕ್ಕಾಯನೇ ಅಲ್ಲವೇ? ಮೊದಲು ಕೃಪೆ, ಆಮೇಲೆ ಲೆಕ್ಕ. ಜನ್ಮವಿಡೀ ಕುಡಿಯೆನೆಂಬ ಭೀಷ್ಮ ಪ್ರತಿಜ್ಞೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇಂದಿನ ಒಂದು ದಿನ ಸಾಕೆನ್ನುತ್ತಾರೆ. ಮುಂಬಯಿಯಲ್ಲಿ ಅವರ ಕೂಟಗಳು ಇಂದಿಗೂ ನಡೆಯುತ್ತಿವೆ. ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೂ ಇದೆ.

ಇನ್ನು ಸೋದರಿಯ ಪ್ರಶ್ನೆಗೆ ಬರೋಣ. ಲೂಕನು ಹೇಳುವ ತಪ್ಪಿಹೋದ ಮಗನ ಕಥೆ ಕ್ರೈಸ್ತರಲ್ಲದವರಿಗೂ ಗೊತ್ತು. ಆಸ್ತಿಯನ್ನೆಲ್ಲ ಹಾಳುಮಾಡಿದ ಕಿರಿಯ ಮಗ, ತನ್ನನ್ನು ಕೂಲಿಯಾಳಿನಂತೆಯಾದರೂ ಇಟ್ಟುಕೊಳ್ಳಿರೆಂದು ಕೇಳಬೇಕೆಂಬ ಮಾತನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ಅವನು ಆ ಕೂಲಿಯ ಮಾತಿಗೆ ಬರುವ ಮೊದಲೇ ತಂದೆ ಬಟ್ಟೆ ತರಿಸುತ್ತಾನೆ, ಉಂಗುರ ತೊಡಿಸುತ್ತಾನೆ. ಇಷ್ಟನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ಆ ಕಥೆಯಲ್ಲಿ ಒಬ್ಬ ಅಣ್ಣನೂ ಇದ್ದಾನೆ. ವರ್ಷಗಟ್ಟಲೆ ಹೊಲದಲ್ಲಿ ದುಡಿದವನು. ಸಿಟ್ಟಾಗಿ ಹೊರಗೇ ನಿಂತವನು. ತಂದೆ ಅವನನ್ನು ಗದರಿಸುವುದಿಲ್ಲ. ಅವನ ಹತ್ತಿರವೂ ತಾನೇ ಹೊರಗೆ ಹೋಗಿ, ನನ್ನದೆಲ್ಲ ನಿನ್ನದೇ ಎಂದು ಹೇಳಿ ಬೇಡಿಕೊಳ್ಳುತ್ತಾನೆ. ಆದುದರಿಂದ ಸೋದರಿ, ನಿಮ್ಮ ಯಜಮಾನರನ್ನು ಕಲ್ಲೆದೆಯವರೆಂದು ತಿಳಿಯಬೇಡಿರಿ. ತಮ್ಮನ ಫೀ ಕಟ್ಟಿದವರು, ಸಾಲ ತೀರಿಸಿದವರು, ನಡುರಾತ್ರಿ ಎತ್ತಿಕೊಂಡು ಬಂದವರು ಅವರೇ ಇರಬೇಕು. ಅವರ ದಣಿವಿಗೂ ಕೃಪೆ ಬೇಕು. ಮೊದಲು ಅವರ ಜೊತೆ ಕುಳಿತು, ‘ನೀವು ಮಾಡಿದ್ದನ್ನು ನಾನು ಕಂಡಿದ್ದೇನೆ’ ಎಂದು ಹೇಳಿರಿ.

ಆಮೇಲೆ ಬಾಗಿಲಿನ ಮಾತು. ‘ಸುಧಾರಿಸಿದ ಮೇಲೆ ಬಾ’ ಎಂಬ ವಾಕ್ಯವನ್ನು ‘ಸುಧಾರಿಸುವುದಕ್ಕೆ ಬಾ’ ಎಂದು ತಿದ್ದಬಹುದು. ಒಂದು ಪ್ರತ್ಯಯ ಬದಲಾದರೆ ಮನೆಯ ಅರ್ಥವೇ ಬದಲಾಗುತ್ತದೆ. ಕುಡಿಯದೆ ಬಂದ ದಿನ ತಟ್ಟೆಯಲ್ಲಿ ಊಟವಿರಲಿ, ಪ್ರಾರ್ಥನೆಯಲ್ಲಿ ಜಾಗವಿರಲಿ, ಮಕ್ಕಳ ಬಾಯಲ್ಲಿ ‘ಕಾಕಾ’ ಎಂಬ ಕರೆಯಿರಲಿ. ಆದರೆ ಕೈಗೆ ಹಣ ಬೇಡ, ಅವನ ಸಾಲಕ್ಕೆ ಜಾಮೀನು ಬೇಡ, ಅವನ ಪರವಾಗಿ ಕೆಲಸದ ಧಣಿಗೆ ಸುಳ್ಳು ಹೇಳುವುದು ಬೇಡ. ತಂದೆ ಕಿರಿಯ ಮಗನಿಗೆ ಅಪ್ಪುಗೆಯನ್ನು ಕೊಟ್ಟನೇ ಹೊರತು ಅಣ್ಣನ ಪಾಲನ್ನು ಮತ್ತೊಮ್ಮೆ ಹಂಚಲಿಲ್ಲ. ಇನ್ನೊಂದು ಮಾತು. ಬಹುದಿನದ ಭಾರೀ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ನಡುಕ, ಭ್ರಮೆ, ಮೂರ್ಛೆಗಳು ಬಂದು ಪ್ರಾಣಾಪಾಯವೂ ಆದೀತು. ಆದುದರಿಂದ ಆಣೆಗಿಂತ ಮುಂಚೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿರಿ. ಔಷಧವೂ ಕೃಪೆಯ ಒಂದು ದಾರಿಯೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಎಲ್ಲ ವಾಚಕರಿಗೂ ಹೇಳಲೇಬೇಕು. ಕೃಪೆಯ ಹೆಸರಿನಲ್ಲಿ ಹೊಡೆತ ತಿನ್ನಿರೆಂದು ಯಾವ ಹೆಣ್ಣಿಗೂ ಯಾರೂ ಹೇಳಬಾರದು. ಕೈಯೆತ್ತುವವನಿಗೆ ಕ್ಷಮೆಯಿರಬಹುದು, ಆದರೆ ಅವನ ಕೈಗೆ ಎಟುಕುವಂತೆ ಹೆಂಡತಿ ಮಕ್ಕಳು ನಿಂತಿರಬೇಕೆಂದು ಯಾವ ಶಾಸ್ತ್ರವನ್ನೂ ಮುಂದೆ ಮಾಡಬಾರದು. ರಮಾಬಾಯಿ ಬಾಗಿಲು ತೆರೆದದ್ದು ನೊಂದವರಿಗೆ. ನೋಯಿಸುವವರು ಹಿಂಬಾಲಿಸಿ ಬಂದಾಗ ಅದೇ ಬಾಗಿಲನ್ನು ಭದ್ರಪಡಿಸುವುದೂ ದಯೆಯೇ. ಬಾಗಿಲೆಂಬುದಕ್ಕೆ ಚಿಲಕವೂ ಇದೆ, ಅಗಣಿಯೂ ಇದೆ; ಎರಡನ್ನೂ ಯಾವಾಗ ಬಳಸಬೇಕೆಂಬ ವಿವೇಕವನ್ನು ದೇವರಲ್ಲಿ ಬೇಡಬೇಕಾದದ್ದೇ.

ದಾದರಿನಿಂದ ಕಲಬುರಗಿ, ರಾಯಚೂರುಗಳ ಕಡೆಗೆ ಹೋಗುವ ರೈಲು ಪುಣೆಯನ್ನು ದಾಟಿ ದೌಂಡ್ ಮುಟ್ಟುವ ಮೊದಲು ಕೇಡಗಾಂವದ ಮೇಲೆ ಹಾದುಹೋಗುತ್ತದೆ. ಹೆಚ್ಚಿನ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ರಮಾಬಾಯಿಯವರ ಮುಕ್ತಿ ಸಂಸ್ಥೆ ಅಲ್ಲಿ ಇಂದಿಗೂ ಇದೆ; ದಿಕ್ಕಿಲ್ಲದ ಹೆಂಗಸರಿಗೂ ಮಕ್ಕಳಿಗೂ ಇಂದಿಗೂ ಆಸರೆಯಾಗಿದೆ. ಬರುವ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೊರಟಾಗ ಆ ನಿಲ್ದಾಣದ ಹೆಸರು ಕಂಡರೆ ಅವರಿಗೆ ಈ ಗಂಗಾಮೂಲದ ಮಗಳ ಕಥೆಯನ್ನು ಹೇಳಿರಿ. ಸೋದರಿಯ ಮನೆಯಲ್ಲಿ ಏನಾಯಿತೆಂದು ತಿಳಿಯುವ ಆಸೆ ನಮಗೂ ಇದೆ. ಆದರೆ ಅಂಥ ಸಂಗತಿ ಮೂರು ತಿಂಗಳಿಗೊಮ್ಮೆ ಬರುವ ಸಂಚಿಕೆಯ ಗಡುವಿಗೆ ಕಾಯುವಂಥದಲ್ಲ. ಅಲ್ಲಿಯವರೆಗೆ ಒಂದೊಂದು ದಿನವೂ ದೊಡ್ಡದೇ.